ನಾಲ್ಕು ಬೆರಳು ಗಿಡ್ಡ ಚಾಸಿ

'ಮನೆಯಲ್ಲೇ ಮಾಡಿಬಿಡುತ್ತೇನೆ' ಎಂಬ ಮಾತು ಗಂಡಸಿನ ಬಾಯಿಂದ ಯಾವ ಗಳಿಗೆಯಲ್ಲಿ ಹೊರಡುತ್ತದೋ ಹೇಳಲಾಗದು. ಆಗ ಎದುರಿಗೆ ಹೆಂಡತಿ ಇರುತ್ತಾಳೆ ಎಂಬುದಷ್ಟೇ ನಿಶ್ಚಿತ. ನಾನು ಮನೆಯಲ್ಲೇ ಮಾಡಿದ ಕೆಲಸಗಳು ಬಹಳ. ಸೋರುವ ನಲ್ಲಿ ರಿಪೇರಿ ಮಾಡಿ ಎರಡು ದಿನ ಇಡೀ ಓಣಿಯ ನೀರು ನಿಲ್ಲಿಸಿದ್ದೇನೆ. ಕೇಬಲ್ ಟಿ.ವಿ. ಹೊಸದಾಗಿ ಬಂದಾಗ ತಂತಿಯನ್ನು ನಾನೇ ಜೋಡಿಸಲು ಹೋಗಿ, ಪಕ್ಕದ ಮನೆಗೆ ಬರಿ ಚಿತ್ರ, ನಮಗೆ ಬರಿ ಧ್ವನಿ ಬರುವಂತೆ ಮಾಡಿದ್ದೇನೆ. ಇಷ್ಟಾದ ಮೇಲೂ ನಮ್ಮ ಹಳೆಯ ಪಿಕಪ್ ಗಾಡಿಯ ಚಾಸಿ ಬಾಗಿದಾಗ ಅದೇ ಮಾತು ಆಡಿದೆ.

ನಾನು ಸಾಂಗ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪಾಠ ಮರಾಠಿಯಲ್ಲಿ, ಮನೆಮಾತು ಕನ್ನಡ, ಸಿಟ್ಟು ಎರಡರಲ್ಲೂ. ಸಮಡೋಳಿಯಲ್ಲಿ ಸ್ವಲ್ಪ ಹೊಲವಿದೆ. ಅಲ್ಲಿಯ ಅರಿಶಿನ ಪೇಟೆಗೆ ತರಲು ಅಪ್ಪನ ಕಾಲದ ಈ ಪಿಕಪ್. ಒಂದು ದಿನ ಸಮಡೋಳಿ ರಸ್ತೆಯಲ್ಲಿ ಎಮ್ಮೆಯೊಂದಕ್ಕೆ ದಾರಿ ಬಿಡಲು ಹೋಗಿ ಮೋರಿಯ ಕಲ್ಲಿಗೆ ಗುದ್ದಿದೆ. ಗಾಡಿಯ ಭಾರವನ್ನೆಲ್ಲ ಹೊರುವ ಕಬ್ಬಿಣದ ಅಸ್ಥಿಪಂಜರ, ಅಂದರೆ ಚಾಸಿ, ಮುಂದಿನ ತುದಿಯಲ್ಲಿ ಬಾಗಿಹೋಯಿತು. ಅಂದಿನಿಂದ ಗಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿತು. ನಾನು ನೇರ ಹೋಗುತ್ತಿದ್ದರೂ, ಎದುರಿಗೆ ಬರುವ ರಿಕ್ಷಾದವರು ನಾನು ತಮ್ಮ ಮೇಲೇ ಬರುತ್ತಿದ್ದೇನೆಂದು ತಿಳಿದು ಗಟಾರಕ್ಕೆ ಇಳಿಯುತ್ತಿದ್ದರು.

ಅದು ಊರಿಗೆ ಹೊಸ ಗಾಡಿಗಳ ಹುಚ್ಚು ಹಿಡಿದ ಕಾಲ. ವಿಶ್ರಾಮಬಾಗದ ಕಡೆ ದಿನಕ್ಕೊಂದು ಬಂಗಲೆ ಏಳುತ್ತಿತ್ತು, ಪ್ರತಿ ಬಂಗಲೆಯ ಮುಂದೆ ಕಂತಿನ ಮೇಲೆ ತಂದ ಮಿರಿಮಿರಿ ಮಿಂಚುವ ಗಾಡಿ. ನನ್ನ ಹೆಂಡತಿ ಶಾಂತಾ ಕೂಡ ಒಂದು ಹೊಸ ವ್ಯಾನಿನ ಮೇಲೆ ಕಣ್ಣಿಟ್ಟಿದ್ದಳು.

"ಈ ಡಬ್ಬಿ ಮಾರಿಬಿಡ್ರಿ. ಇದರಾಗ ಕುಂತ್ರ ಮಂದಿ ನಮ್ಮ ಮಾರಿ ನೋಡಿ ನಗತಾರ" ಎಂದಳು.

ಅಪ್ಪನ ಗಾಡಿಯನ್ನು ಮಾರುವುದು ನನ್ನಿಂದಾಗದ ಮಾತು. ಅದರ ಸ್ಟೀರಿಂಗ್ ಹಿಡಿದರೆ ಇವತ್ತಿಗೂ ಅಪ್ಪನ ಕೈ ಹಿಡಿದಂತಾಗುತ್ತದೆ. ಆದರೆ ಅದನ್ನು ಹೇಳಲು ನಾಚಿಕೆಯಾಗಿ ಎದೆ ಉಬ್ಬಿಸಿ ಬೇರೆಯೇ ಹೇಳಿದೆ: "ಚಾಸಿ ಮನ್ಯಾಗ ಬದಲಿ ಮಾಡತೇನಿ. ದಸರಾದ ಖಂಡೇ ನವಮಿ ಪೂಜಾದೊಳಗ ಗಾಡಿ ನೆಟ್ಟಗ ನಡೀಲಿಲ್ಲಂದ್ರ ಮಾರಿಬಿಡತೇನಿ, ಆತು?"

"ಆತು" ಎಂದಳು ಶಾಂತಾ.

ಮಿರಜದ ಹಸನ್ ಮಿಸ್ತ್ರಿ ಅಪ್ಪನ ಕಾಲದಿಂದ ನಮ್ಮ ಗಾಡಿಯ ವೈದ್ಯ. ಅಲ್ಲಿಯ ಗುಜರಿಯಲ್ಲಿ ಇಂಥ ಗಾಡಿಗಳ ಹಳೆಯ ಚಾಸಿಗಳು ಉದ್ದ ಗಿಡ್ಡ ಎರಡೂ ನಮೂನೆಯವು ಸಿಗುತ್ತವೆಂದ. "ಅಳತಿ ನಾ ತಗೋತೇನ್ರಿ ಸರ್" ಎಂದು ಬಗ್ಗಿದವನನ್ನು ತಡೆದೆ. "ಇಪ್ಪತ್ತೈದು ವರ್ಷ ಗಣಿತ ಕಲಿಸೇನಿ, ಸರಕೊಳ್ಳಪಾ" ಎಂದು ಹಗ್ಗವನ್ನು ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು ಗಂಟು ಹಾಕಿ ಕೊಟ್ಟೆ. ಮಿಸ್ತ್ರಿ ಆ ಹಗ್ಗಕ್ಕೆ ಸರಿಯಾದ ಚಾಸಿ ಹುಡುಕಿ ತಂದು ಪಡಸಾಲೆಯ ಮಾಡಿನ ಕೆಳಗೆ ಒರಗಿಸಿದ. ಮಳೆ ಹಿಡಿಯಿತು. ಮೂರು ವಾರ ಅದು ಅಲ್ಲೇ ನಿಂತಿತು. ಬಿಸಿಲು ಬಿದ್ದ ಮೇಲೆ ಮಿಸ್ತ್ರಿ ಗಾಡಿಯನ್ನು ಬಿಚ್ಚಿ, ಕ್ಯಾಬಿನನ್ನು ಕಲ್ಲುಗಳ ಮೇಲೆ ಕೂರಿಸಿ, ನಾಳೆ ಬಂದು ಜೋಡಿಸುತ್ತೇನೆಂದು ಹೋದ.

ಆ ಸಂಜೆ ಸುಮ್ಮನೆ ಖುಷಿಗೆಂದು, ಹಗ್ಗವನ್ನು ಕಬ್ಬಿಣದ ಮೈಗುಂಟ ಹಿಡಿದು ಎರಡೂ ಚಾಸಿಗಳನ್ನು ಅಳೆದೆ. ಹೊಸದು ನಾಲ್ಕು ಬೆರಳು ಗಿಡ್ಡ! ಮತ್ತೊಮ್ಮೆ ಅಳೆದೆ. ಮೂರನೆಯ ಸಲ ಅಳೆದು ಕಲ್ಲಿನ ಮೇಲೆ ಕುಸಿದು ಕುಳಿತೆ. ಬಾಗಿದ ಗೆರೆಯ ಉದ್ದ, ಅದರ ಎರಡು ತುದಿ ಕೂಡಿಸುವ ನೇರ ಗೆರೆಗಿಂತ ಯಾವಾಗಲೂ ಹೆಚ್ಚು. ವರ್ಷಕ್ಕೆ ಮೂರು ವರ್ಗದ ಮಕ್ಕಳಿಗೆ ಇದನ್ನು ಕಲಿಸುತ್ತೇನೆ, ತಪ್ಪಿದವರ ಕಿವಿ ಹಿಂಡುತ್ತೇನೆ. ಬಾಗಿದ ಚಾಸಿಗೆ ನಾನು ಹಿಡಿದದ್ದು ನೇರ ಹಗ್ಗ! ಬೆಳಿಗ್ಗೆ ಮಿಸ್ತ್ರಿ ಬರುತ್ತಾನೆ, ನಗುತ್ತಾನೆ. ಮಿರಜದಲ್ಲಿ ನಕ್ಕದ್ದು ಮಧ್ಯಾಹ್ನಕ್ಕೆ ಸಾಂಗ್ಲಿಗೆ ಬರುತ್ತದೆ. ಶಾಲೆಗೆ ಹೋಗುವುದು ಹೇಗೆ, ಶಾಂತಾಳ ಮುಖ ನೋಡುವುದು ಹೇಗೆ? ಅಪ್ಪನ ಗಾಡಿಯಂತೂ ಹೋದಂತೆಯೇ.

ಮರುದಿನ ಬೆಳಿಗ್ಗೆ ಮಿಸ್ತ್ರಿ ಸರಪಳಿ ಹೊತ್ತು ಬರುವುದಕ್ಕೂ ನನ್ನ ತಾಯಿ ಪಡಸಾಲೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲುವುದಕ್ಕೂ ಸರಿಹೋಯಿತು.

"ಯಾರೂ ಮುಟ್ಟಬ್ಯಾಡ್ರಿ! ಪೊಳ್ಳ ಕಬ್ಬಿಣದಾಗ ಗುಬ್ಬಿ ತತ್ತಿ ಇಟ್ಟೈತಿ. ಜೈನರ ಮನ್ಯಾಗ, ಅದೂ ಚಾತುರ್ಮಾಸದಾಗ, ಜೀವಹಿಂಸಾ ಮಾಡತೀರೇನು? ಮರಿ ಹಾರಿ ಹೋಗೂತನಕ ಈ ಕಬ್ಬಿಣ ಅಲ್ಲಾಡಕೂಡದು."

ನನಗೆ ಕುಣಿಯಬೇಕೆನಿಸಿತು. ಆದರೂ ಮುಖ ಗಂಭೀರ ಮಾಡಿ, "ಏನ ಮಾಡೂದು ಮಿಸ್ತ್ರಿ, ಧರ್ಮ ದೊಡ್ಡದು" ಎಂದೆ. ಅವನು ಗೂಡಿಗೊಂದು ಕೈ ಮುಗಿದು ಹೋದ.

ಸುದ್ದಿ ಹಬ್ಬಿತು. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರು "ಧನ್ಯ ಆಹಾತ ಸರ್ ತುಮ್ಹೀ!" ಎಂದು ಎದ್ದು ನಿಂತು ಕೈ ಕುಲುಕಿದರು. ಗುಬ್ಬಿಗಾಗಿ ಗಾಡಿ ನಿಲ್ಲಿಸಿದ ಪುಣ್ಯಾತ್ಮನನ್ನು ನೋಡಲು ಸಮಡೋಳಿಯಿಂದ ನೆಂಟರು ಬಂದು, ಚಹಾ ಕುಡಿದು, ಗೂಡು ನೋಡಿ ಹೋದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅದನ್ನು ಅವರು ವಿನಯವೆಂದು ತಿಳಿದರು. ಖಂಡೇ ನವಮಿ ಬಂತು, ಕಲ್ಲಿನ ಮೇಲಿನ ಕ್ಯಾಬಿನಿಗೇ ಚೆಂಡುಹೂವಿನ ಮಾಲೆ ಹಾಕಿದೆವು. ಶಾಂತಾ ಶರತ್ತಿನ ಮಾತೆತ್ತಲಿಲ್ಲ. ನಾನು ಮಾತ್ರ ಈ ಮರಿಗಳಿಗೆ ರೆಕ್ಕೆ ತಡವಾಗಿ ಬಲಿಯಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ.

ಮರಿಗಳು ನನ್ನ ಮಾತು ಕೇಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ನಾನು ಅದರ ಮುಂದೆ ಸೂತಕದವನಂತೆ ನಿಂತಿದ್ದಾಗ ಶಾಂತಾ ಚಹಾ ತಂದಳು.

"ಹಾರಿ ಹೋದುವಲ್ರಿ. ಇನ್ನ ಮಿಸ್ತ್ರಿಗೆ ಏನ ಹೇಳತೀರಿ?"

"ಏನ ಹೇಳೂದು? ಬಂದು ಜೋಡಸಂತ ಹೇಳತೇನಿ."

"ನಾಕ ಬಟ್ಟ ಗಿಡ್ಡ ಐತೆಲ್ಲ, ಹ್ಯಾಂಗ ಜೋಡಸತಾನ?"

ಚಹಾ ಅಂಗಿಯ ಮೇಲೆ ಚೆಲ್ಲಿತು.

"ನೀವು ಮೂರ ಸಲ ಅಳದು ಕುಂತದ್ದು ಅಡಿಗಿಮನಿ ಕಿಡಕ್ಯಾಗಿಂದ ಕಾಣಸ್ತು" ಎಂದಳು ಶಾಂತಾ. "ನೀವು ಒಳಗ ಹೋದ ಮ್ಯಾಲೆ ನಾನೂ ಅಳದೆ. ಗೂಡು ನಾ ಮೊದಲ ನೋಡಿದ್ದೆ. ಅತ್ತೆಯವರಿಗೆ ಹೇಳಿದ್ರ ನಿಮ್ಮ ಕೆಲಸ ನಿಂದರತೈತಂತ, ನಾನ ಹಗೂರಕ ತಗದು ಮಾಡಿನ ಸಂದ್ಯಾಗ ಇಡೂಣಂತ ಸುಮ್ಮನಿದ್ದೆ. ಅವತ್ತ ನಿಮ್ಮ ಮಾರಿ ನೋಡಿದ ಮ್ಯಾಲೆ ಅತ್ತೆಯವರಿಗೆ ಹೇಳಿಬಿಟ್ಟೆ."

"ಮತ್ತ ಶರತ್ತು? ವ್ಯಾನು?"

"ಗುಬ್ಬಿ ಇದ್ದ ದಿನ ಲೆಕ್ಕಕ್ಕ ಹಿಡಿಯಾಂಗಿಲ್ಲ. ಮಾವನವರ ಗಾಡಿ, ನಿಮಗ ಮಾರಾಕ ಮನಸಿಲ್ಲಂತ ನನಗ ಗೊತ್ತಿಲ್ಲೇನು? ನಡ್ರಿ, ಈ ಸಲ ಅಳತಿ ನಾ ಹಿಡಿತೇನಿ."

ಹಳೆಯ ಚಾಸಿ ಬಾಗಿದಲ್ಲಿ ಅವಳು ಹಗ್ಗವನ್ನೂ ಬಾಗಿಸಿ ಹಿಡಿದಳು. ನಾನು ಇನ್ನೊಂದು ತುದಿ ಹಿಡಿದು, ಹೇಳಿದ ಕಡೆ ನಿಂತೆ. ಗುಬ್ಬಿ ಗೂಡು ಕಟ್ಟಿದ ಕಬ್ಬಿಣಕ್ಕೆ ಸುತ್ತಿಗೆ ಹಾಕಲು ಮನಸ್ಸಿಲ್ಲವೆಂದು ಮಿಸ್ತ್ರಿಗೆ ಹೇಳಿದೆವು. ಹೊಸ ಅಳತೆಯ ಚಾಸಿ ಬಂತು, ಕೂತಿತು, ಗಾಡಿ ಈಗ ನೆಟ್ಟಗೆ ನಡೆಯುತ್ತದೆ. ಪೇಟೆಯಲ್ಲಿ ಜನ ಇಂದಿಗೂ ನನ್ನನ್ನು ತೋರಿಸಿ, ಸಣ್ಣ ಜೀವಕ್ಕೆ ದಯೆ ತೋರಿಸುವುದೆಂದರೆ ಈ ಮನೆಯವರಿಂದ ಕಲಿಯಬೇಕು ಎನ್ನುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಆ ಸಣ್ಣ ಜೀವ ಯಾವುದೆಂದು ನನಗೂ ಶಾಂತಾಳಿಗೂ ಮಾತ್ರ ಗೊತ್ತು.