ಎರಡು ಸಾವಿರಕ್ಕೆ ಸಿದ್ಧನಾದ ಗಂಡ

ನಾನು ಬದಲಾಗಿದ್ದೇನೆ ಎಂಬುದನ್ನು ಡಚ್ಚರ ನಾಡಿನ ಜೂಟರ್‌ಮೀರ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ನನ್ನ ಹೊರತು ಯಾರೂ ಗಮನಿಸಿರಲಿಲ್ಲ. ಫ್ಲ್ಯಾಟಿನಲ್ಲಿರುವುದು ನಾನು ಮತ್ತು ನನ್ನ ಹೆಂಡತಿ ಊರ್ಮಿಳಾ ಇಬ್ಬರೇ. ಆದ್ದರಿಂದ ದೂರು ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

೧೯೯೯ರ ವರ್ಷವಿಡೀ ಆಫೀಸಿನಲ್ಲಿ ನನ್ನ ಕೆಲಸ ಒಂದೇ: ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರುಗಳು ದಿಕ್ಕೆಡದಂತೆ ತಿದ್ದುವುದು. ಯಂತ್ರಗಳೇ ಸುಧಾರಿಸುತ್ತಿರುವಾಗ ಮನುಷ್ಯ ಹಿಂದೆ ಬೀಳಬಾರದೆಂದು ನನ್ನ ಕೋಪವನ್ನೂ ತಿದ್ದಲು ಹೊರಟೆ. (ಹಿಂದಿನ ವರ್ಷದ ಕೊನೆಯ ದಿನ, ಕಾಫಿ ನೀರಾಗಿದೆಯೆಂದು ಅತಿಥಿಗಳ ಎದುರೇ ಕೂಗಾಡಿದ್ದೆ. "ನೀವು ಬದಲಾದ್ರಿ ಅಂತ ಅವರೆದುರಿಗೇ ನಾನು ಹೇಳೋ ದಿನ ಬರ್ಲಿ, ನೋಡೋಣ" ಎಂದಿದ್ದಳು ಊರ್ಮಿಳಾ.) ಉಸಿರಾಟದ ಅಭ್ಯಾಸ ಶುರುಮಾಡಿದೆ. ಮಾರ್ಚ್ ತಿಂಗಳಿಂದೀಚೆಗೆ ಒಮ್ಮೆಯೂ ದನಿ ಏರಿಸಿರಲಿಲ್ಲ. ರೈಲು ತಪ್ಪಿದರೂ ಮುಗುಳ್ನಕ್ಕೆ. ಊರಿಗೆ ಮಾಡಿದ ದುಬಾರಿ ಫೋನ್ ಕರೆಯಲ್ಲಿ ಮಾವನವರು ಬರೀ ಕೆಮ್ಮಿದರೂ ಮುಗುಳ್ನಕ್ಕೆ.

ಊರ್ಮಿಳಾ ಹೇಳಿದ್ದ ಆ ದಿನ ಬಂದಿದೆಯೆಂದು ಮನವರಿಕೆಯಾಗಿ, ಡಿಸೆಂಬರ್ ಮೂವತ್ತೊಂದಕ್ಕೆ ಅದೇ ಅತಿಥಿಗಳನ್ನು ಕರೆದೆ: ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಚನ್ನಪಟ್ಟಣದ ಹಮೀದ್, ಅವನ ಹೆಂಡತಿ ಅಫ್ಶಾನ್. ರಂಜಾನ್ ತಿಂಗಳು. ಉಪವಾಸ ನಮ್ಮಲ್ಲೇ ಬಿಡಲಿ ಎಂದು ಊರ್ಮಿಳಾ ಖರ್ಜೂರ, ಬೋಂಡ ಸಿದ್ಧಮಾಡಿದ್ದಳು. ನಾನು ಉಪನ್ಯಾಸ ಸಿದ್ಧಮಾಡಿದ್ದೆ.

"ಸಂಯಮ ಅಂದ್ರೆ ಬಾಯಿಮಾತಲ್ಲ ಹಮೀದ್. ಇಂದ್ರಿಯಗಳನ್ನ ಹಿಡಿತದಲ್ಲಿಟ್ಕೊಳ್ಳೋದು ಎಷ್ಟು ಕಷ್ಟ ಗೊತ್ತಾ ನಿಂಗೆ?"

ಬೆಳಗಿನಿಂದ ಹನಿ ನೀರೂ ಕುಡಿಯದ ಹಮೀದ್, "ಹೇಳಿ ಅಣ್ಣ" ಎಂದ.

ಹೇಳಿದೆ. ಉಸಿರು ಒಳಗೆ ಹೇಗೆ, ಹೊರಗೆ ಹೇಗೆ, ನಡುವೆ ಎಣಿಸುವುದು ಹೇಗೆ. ಕಿಟಕಿಯಾಚೆ ಸೂರ್ಯ ಮುಳುಗಿದ. ನನ್ನ ಮಾತು ಮುಳುಗಲಿಲ್ಲ.

"ರೀ, ಅವರು ಉಪವಾಸ ಬಿಡ್ಬೇಕು. ನೀವು ಸ್ವಲ್ಪ ಮಾತಿನ ಉಪವಾಸ ಮಾಡಿ" ಎಂದು ಊರ್ಮಿಳಾ ಖರ್ಜೂರದ ತಟ್ಟೆ ಮುಂದಿಟ್ಟಳು.

ನಾನು ಮುಗುಳ್ನಕ್ಕೆ. "ನೋಡಿದ್ರಾ? ಹೋದ ವರ್ಷ ಆಗಿದ್ರೆ ಇಷ್ಟಕ್ಕೇ ಕೂಗಾಡ್ತಿದ್ದೆ. ಈಗ ಹೇಳು ಊರ್ಮಿಳಾ, ನಾನು ಬದಲಾಗಿದೀನೋ ಇಲ್ವೋ?"

"ಬದಲಾಗಿದೀರಿ. ಅದು ನಿಜ."

ಸಾಕ್ಷಿಗಳ ಸಮ್ಮುಖದಲ್ಲಿ! ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅಫ್ಶಾನ್, "ಅಕ್ಕಾ, ಇವರಿಗೂ ಅಣ್ಣಂಗೆ ಮಾಡೋ ಕಾಫೀನೇ ಕೊಡಿ, ಆ ಕೆಫೀನ್ ತೆಗೆದಿರೋದು. ಸಹರಿ ಊಟಕ್ಕೆ ಬೆಳಗಿನ ಜಾವಾನೇ ಏಳ್ಬೇಕು, ಸ್ವಲ್ಪ ನಿದ್ದೆ ಬರ್ಲಿ" ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಉಬ್ಬಿದ್ದ ಎದೆ ಅರ್ಧದಲ್ಲೇ ನಿಂತಿತು.

"ಯಾವಾಗಿಂದ?" ಮೆಲ್ಲಗೇ ಕೇಳಿದೆ.

"ಮಾರ್ಚಿಂದ. ಅದಕ್ಕೆ ಊರಿಂದ ತಂದ ಚಿಕೋರಿ ಬೆರೆಸ್ತೀನಿ."

"ನಾನು ಮೈಸೂರಿನವನು. ಅದೂ ಕೆಮಿಸ್ಟ್ರಿ ಎಂಎಸ್ಸಿ. ಕಾಫಿ ಎಂಥದ್ದು ಅಂತ ಮೂಗಲ್ಲೇ ಹೇಳೋನು."

"ಹೇಳ್ತಾನೇ ಇದ್ರಲ್ಲ! ದಿನಾ ಬೆಳಿಗ್ಗೆ. 'ಆಹಾ, ಇದು ಕಾಫಿ' ಅಂತ."

ಅಫ್ಶಾನ್ ಸೆರಗಿನಲ್ಲಿ ಕೆಮ್ಮಿದಳು. ಆದರೂ ನಾನು ಕೂಗಲಿಲ್ಲ. ಒಂದೇ ಪ್ರಯೋಗದಲ್ಲಿ ಎರಡು ಅಂಶ ಬದಲಾದರೆ ಫಲಿತಾಂಶ ಯಾವುದರದೆಂದು ಹೇಳಲಾಗದು. ನನ್ನ ಶಾಂತಿ ಉಸಿರಾಟದ್ದೋ, ಕಾಫಿಯದ್ದೋ? ಒಂದು ವರ್ಷದ ಆತ್ಮೋನ್ನತಿಯ ಪ್ರಶ್ನೆ.

"ಅಸಲಿ ಕಾಫಿ ತಗೊಂಡು ಬಾ. ಇಲ್ಲೇ, ಇವರೆದುರಿಗೇ ಪರೀಕ್ಷೆ ಆಗ್ಲಿ."

ಊರ್ಮಿಳಾ ಒಳಗೆ ಹೋಗಿ ಹೊಗೆಯಾಡುವ ಲೋಟ ತಂದಳು. ಮೊದಲ ಗುಟುಕಿಗೇ ವ್ಯತ್ಯಾಸ ತಿಳಿಯಿತು. ಎರಡನೆಯದಕ್ಕೆ ಎದೆ ಡವಗುಟ್ಟಿತು. ಮೂರನೆಯದಕ್ಕೆ ಎದ್ದು ನಿಂತಿದ್ದೆ.

"ಇದು ಕಾಫಿ! ಇಷ್ಟು ದಿನ ನಂಗೆ ಕುಡಿಸಿದ್ದೇನು, ಕಷಾಯಾನಾ? ಕಟ್ಕೊಂಡ ಗಂಡನಿಗೇ ಮೋಸ!"

ಕೆಳಗೆ ಪಟಾಕಿ ಹಚ್ಚುತ್ತಿದ್ದ ಡಚ್ ಮಕ್ಕಳು ತಲೆಯೆತ್ತಿ ನಮ್ಮ ಕಿಟಕಿ ನೋಡಿದರು. ಹಮೀದನ ಬೋಂಡ ಬಾಯಿಯ ಹತ್ತಿರವೇ ನಿಂತಿತು.

"ಕ್ಷಮಿಸಿ" ಎಂದೆ, ತುಸು ಹೆಮ್ಮೆಯಿಂದಲೇ. "ಕೂಗಿದ್ದು ನಾನಲ್ಲ, ಕೆಫೀನ್. ಶಾಂತಿ ಕಾಫಿಯದ್ದಾದ್ರೆ ಕೋಪವೂ ಕಾಫಿಯದ್ದೇ. ಸ್ವಭಾವತಃ ನಾನು ನಿರ್ದೋಷಿ ಅಂತ ಇವತ್ತು ಸಾಬೀತಾಯ್ತು."

"ಅದೂ ಅದೇ ಡಬ್ಬೀದು ರೀ" ಎಂದಳು ಊರ್ಮಿಳಾ. "ನಾನು ಕುಡಿಯೋದು ಟೀ. ಅಸಲಿ ಪುಡಿ ಮನೇಲಿದ್ರೆ ತಾನೆ ತರೋದು?"

ಲೋಟದೊಳಗೆ ನೋಡಿದೆ. ಅಲ್ಲಿ ನನ್ನ ಪರವಾಗಿ ಏನೂ ಇರಲಿಲ್ಲ.

ಹಮೀದ್ ತಟ್ಟೆ ಕೆಳಗಿಟ್ಟು, ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ.

"ಉಸಿರು ಒಳಗೆ ತಗೊಳ್ಳಿ ಅಣ್ಣ" ಎಂದ, ಮೆತ್ತಗೆ. "ನಾನು ಎಣಿಸ್ತೀನಿ."