ಕಪಾಟಿನೊಳಗಿನ ಪಾಠ

ನಮ್ಮಣ್ಣ ಕಪಾಟಿನಲ್ಲಿ ವಾಸವಾಗಿದ್ದ ಎಂದರೆ ನೀವು ನಂಬುವುದಿಲ್ಲ. ಹೋಗಲಿ, ಸೊಂಟದವರೆಗೆ ಮಾತ್ರ ಎಂದಿಟ್ಟುಕೊಳ್ಳಿ! ಕಾಲುಗಳು ಕುರ್ಲಾದ ನಮ್ಮ ಚಾಳಿನ ಖೋಲಿಯಲ್ಲೇ ಇರುತ್ತಿದ್ದವು.

ಅವನು ಜೋಗೇಶ್ವರಿಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ಪ್ರತಿ ಸೋಮವಾರ ರಾಜೀನಾಮೆ ಪತ್ರ ಜೇಬಿನಲ್ಲಿಟ್ಟುಕೊಂಡು ಹೋಗಿ, ಸಂಜೆ ಅದನ್ನೇ ವಾಪಸ್ ತರುತ್ತಿದ್ದ. ಒಂದು ದಿನ ಬಂದವನೇ, "ತಂಗೆವ್ವಾ, ಇಷ್ಟ ದಿನ ಯೆಸ್ ಸರ್ ಅಂತಿದ್ವಿ. ಇನ್ನ ಮ್ಯಾಲ ಸೀ ಯೆಸ್ ಸರ್ ಅನ್ನಬೇಕಂತ!" ಎಂದ. ಸಿಎಸ್‌ಆರ್ ಎಂದರೆ ಕಂಪನಿ ಮಾಡುವ ಸಮಾಜಸೇವೆ ಎಂದು ಎಚ್‌ಆರ್ ಮೇಡಂ ತಿಳಿಸಿ ಹೇಳಿದ ಮೇಲೂ ನಮ್ಮ ಮನೆಯಲ್ಲಿ ಅದು 'ಸೀ ಯೆಸ್ ಸರ್' ಆಗಿಯೇ ಉಳಿಯಿತು. ಅಣ್ಣನ ಪಾಲಿಗೆ ಬಂದ ಸೇವೆ, ವಡಾಲದ ಕನ್ನಡ ಶಾಲೆಯ ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡುವುದು.

ಚಾಳಿನಲ್ಲಿ ಸದ್ದಿಲ್ಲದ ಜಾಗ ಎಲ್ಲಿಂದ ತರುವುದು? ಕಟ್ಟಿಗೆಯ ಕಪಾಟಿನೊಳಗೆ ಅವ್ವನ ಕೌದಿಗಳನ್ನು ತೂಗುಹಾಕಿ, ಬ್ಯಾಟರಿ ಹಿಡಿದು ತಲೆ ತೂರಿಸಿದ. ಬಾವಿಯ ತಳದಿಂದ ಬಂದಂತೆ ದನಿ! ಹುಟ್ಟಿನಿಂದ ಕೇಳಿದ ದನಿಯೇ ಆದರೂ ನನ್ನ ಮೈ ಜುಮ್ಮೆನ್ನುತ್ತಿತ್ತು. ಪಕ್ಕದ ಮರಾಠಿ ಮೌಶಿ ಸಕ್ಕರೆಗೆಂದು ಬಂದವಳು, ಕಪಾಟು ಮಾತಾಡುವುದನ್ನು ಕೇಳಿ ನಿಂತಳು. ಕಪಾಟಿಗೆ ಕಾಲೂ ಇರುವುದನ್ನು ಕಂಡು ಓಡಿದಳು.

"ಭೂತ್ ಆಹೆ ಗಂ, ಭೂತ್!"

"ಭೂತ ಅಲ್ಲ ಮೌಶಿ, ಆರನೇ ಇಯತ್ತಾದ ಪಾಠ!" ಎಂದಿತು ಕಪಾಟು.

ಪುಸ್ತಕದ ಚಿತ್ರಗಳನ್ನು ಯಾರು ಓದಬೇಕು? ಅದನ್ನೂ ಅವನೇ ಹೇಳುತ್ತಿದ್ದ. "ಇಲ್ಲೊಂದು ಗೂಬಿ ಕುಂತೈತಿ ಮಕ್ಕಳ. ಥೇಟ್ ನಮ್ಮ ಸೂಪರ್‌ವೈಜರ್!" ಮೇಡಂ ಅದನ್ನು ಕತ್ತರಿಸಲು ಹೋದರೆ, ಮಕ್ಕಳು ಬಿಡಲಿಲ್ಲವಂತೆ.

ರಾಜೀನಾಮೆ ಪತ್ರದ ಹಿಂಬದಿಯಲ್ಲಿ ಈಗ ಕಠಿಣ ಪದಗಳ ಪಟ್ಟಿ ಬಂತು. ಬೇರೊಂದು ಕಂಪನಿ ಹೆಚ್ಚಿನ ಪಗಾರಕ್ಕೆ ಕರೆದಾಗ, "ಅಲ್ಲಿ ಸೀ ಯೆಸ್ ಸರ್ ಐತೇನು?" ಎಂದು ಕೇಳಿ ಫೋನ್ ಇಟ್ಟುಬಿಟ್ಟ. ವರ್ಷದ ಕೊನೆಗೆ ಕೊಟ್ಟ ಫಾರ್ಮಿನಲ್ಲಿ 'ಕೆಲಸದ ತೃಪ್ತಿ: ಐದರಲ್ಲಿ ಎಷ್ಟು?' ಎಂದಿತ್ತು. ಅಣ್ಣ ಬರೆದ: 'ಎಂಟನೇ ಪಾಠ ಮುಗಿದಿದೆ. ಇನ್ನು ಒಂದೇ ಬಾಕಿ.'

ಆ ಒಂದನ್ನು ಓದುತ್ತಿದ್ದಾಗಲೇ, ಒಂದು ರವಿವಾರ ಮುಂಜಾನೆ, ಕಪಾಟಿನಿಂದ ಹೊರಬಂದು ಎದೆ ಹಿಡಿದುಕೊಂಡು ಕುಳಿತ. "ಉಳಿದದ್ದು ನಾಳೆ ಓದತೇನಿ ತಂಗೆವ್ವಾ. ಪರೀಕ್ಷಾ ಇನ್ನ ದೂರ ಐತಿ." ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಹದಿಮೂರನೆಯ ದಿನ ಮೇಡಂ ಮನೆಗೆ ಬಂದರು. "ಆಂಟಿ, ಸಾರಿ. ಸೋಮವಾರ ಮಕ್ಕಳ ಎಗ್ಜಾಮ್ ಇದೆ. ಲಾಸ್ಟ್ ಲೆಸನ್ ಅಧೂರಾ ಹೈ, ಅರ್ಧಕ್ಕೇ ನಿಂತಿದೆ. ನನಗೆ ಮಾತು ಬರುತ್ತೆ ಅಷ್ಟೇ, ಕಂಪನಿಯಲ್ಲಿ ಬೇರೆ ಯಾರಿಗೂ ಕನ್ನಡ ಓದಲಿಕ್ಕೆ ಬರಲ್ಲ."

"ನಾ ಬರೇ ಏಳನೇ ಇಯತ್ತಾ ಕಲತಾಕಿ. ಓದೂದ್ರಾಗ ತಪ್ಪತೇನ್ರಿ," ಎಂದೆ.

"ಮಕ್ಕಳು ದಿನಾ ಕೇಳ್ತಾರೆ ಆಂಟಿ, ಅಂಕಲ್ ಮುಂದೇನು ಹೇಳಿದ್ರು ಅಂತ."

ಎಲ್ಲಿಗೆ ನಿಂತಿದೆ ಎಂದು ತೋರಿಸಲು ಅವರು ಫೋನ್ ಒತ್ತಿದರು. ಬಾವಿಯ ತಳದ ಆ ದನಿ ಮತ್ತೆ ಖೋಲಿಯೊಳಗೆ ಎದ್ದಿತು: "ತಂಗೆವ್ವಾ, ಬಾಗಲಾ ಹಾಕವಾ, ಸಪ್ಪಳ ಬರ್ತೈತಿ."

"ಹಾಕ್ದೆ ಅಣ್ಣಾ," ಎಂದು ನಾನು ಎದ್ದು ಬಾಗಿಲು ಹಾಕಿದೆ. ಹಿಂತಿರುಗಿ ನೋಡಿದರೆ ಮೇಡಂ ಫೋನ್ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಬಂದು ಫೋನಿನ ಪಕ್ಕ ಕುಳಿತೆ.

ಪಾಠ ಮುಂದುವರಿಯಿತು. "ಕಪ್ಪೆಯು ನೀರಿನಲ್ಲೂ ನೆಲದ ಮೇಲೂ..." ಅಲ್ಲಿ ಒಂದು ದೊಡ್ಡ ಉಸಿರು. ಅಷ್ಟೇ.

ಮೇಡಂ ಹೋದ ಮೇಲೆ ನಾನು ಅಣ್ಣನ ಫೋನು, ಪುಸ್ತಕ ಹಿಡಿದು ಕಪಾಟಿನೊಳಗೆ ತಲೆ ಹಾಕಿದೆ. ಕುರ್ಲಾದಲ್ಲಿ ಇಷ್ಟು ನಿಶ್ಶಬ್ದ ಜಾಗವೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ವಾಕ್ಯದಲ್ಲಿ ಅಣ್ಣ ನನಗೆಂದು ಬಿಟ್ಟುಹೋದದ್ದು ಒಂದೇ ಒಂದು ಪದ. ಅದರ ಕೆಳಗೆ ಬೆರಳಿಟ್ಟು, ಗಂಟಲು ಸರಿಮಾಡಿಕೊಂಡು, ಮಕ್ಕಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ:

"ಬದುಕುತ್ತದೆ."