ಕಂಪ್ಯೂಟರು ಎದುರು ಪ್ರಶ್ನೆ ಕೇಳಿತು!

"ಮಗಳ ಮದುವೆಗೆ ಬರೋ ನೆಂಟರಲ್ಲಿ ಯಾರು ಯಾವ ಕೋಣೇಲಿ ಇರ್ಬೇಕು ಅನ್ನೋದನ್ನ ಸ್ಪ್ರೆಡ್‌ಶೀಟೇ ಹೇಳತಕ್ಕದ್ದು!" ಎಂದು ಸೂಪರಿಂಟೆಂಡೆಂಟರು ಊಟದ ಮೇಜಿನಲ್ಲಿ ಘೋಷಿಸಿದರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಮನೆಯಲ್ಲಿ ಅವರ ಕಚೇರಿ ಇನ್ನೂ ಮುಚ್ಚಿರಲಿಲ್ಲ.

"ಏನಾದ್ರೂ ಮಾಡ್ಕೊಳ್ಳಿ. ನಮ್ಮಕ್ಕನ್ನೂ ತಂಗೀನೂ ಮಾತ್ರ ಒಂದೇ ಕೋಣೆಗೆ ಹಾಕ್ಬೇಡಿ" ಎಂದರು ಹೆಂಡತಿ. "ಮಾತು ಬಿಟ್ಟು ಎಷ್ಟು ಕಾಲ ಆಯ್ತು! ಎದುರುಬದುರಾದ್ರೆ ಮದುವೆ ಮನೆ ರಣರಂಗ ಆಗುತ್ತೆ. ಮುಗಿಸಿದ್ಮೇಲೆ ಮಗಳಿಗೆ ಒಂದ್ಸಲ ತೋರಿಸಿ."

"ನಾನು? ಮಗಳಿಗೆ? ತೋರಿಸ್ಬೇಕಾ?"

ತೋರಿಸಲಿಲ್ಲ. ಒಂದು ಕಾಲಂನಲ್ಲಿ ತಮ್ಮದೂ ಸೇರಿ ನೆಂಟರ ಹೆಸರು, ಪಕ್ಕದಲ್ಲಿ ಕೋಣೆ, ಅದರ ಪಕ್ಕದಲ್ಲಿ 'ವಿಶೇಷ ಸೂಚನೆ'. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೆಸರುಗಳು ಅಕಾರಾದಿಯಾಗಿ ಇಲ್ಲದಿರುವುದು ಅವರ ಕಣ್ಣಿಗೆ ಚುಚ್ಚಿತು. ಹೆಸರಿನ ಕಾಲಂ ಹಿಡಿದು 'ಸಾರ್ಟ್' ಒತ್ತಿದರು. ತಕ್ಷಣ ಪರದೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದು ಎದ್ದಿತು: ಪಕ್ಕದ ಕಾಲಂಗಳನ್ನೂ ಜೊತೆಗೆ ಒಯ್ಯಬೇಕೇ, ಇದೊಂದೇ ಸಾಕೇ?

ಸೂಪರಿಂಟೆಂಡೆಂಟರ ಮೈಯೆಲ್ಲ ಉರಿದುಹೋಯಿತು. ಅವರ ಇಡೀ ಸರ್ವಿಸಿನಲ್ಲಿ ಯಾವ ಗುಮಾಸ್ತನೂ ಎದುರು ಪ್ರಶ್ನೆ ಕೇಳುವ ಧೈರ್ಯ ಮಾಡಿರಲಿಲ್ಲ!

"ಹೆಸರು ಜೋಡ್ಸು ಅಂದ್ರೆ ಹೆಸರು ಜೋಡ್ಸು! ಪಕ್ಕದವರ ಉಸಾಬರಿ ನಿಂಗ್ಯಾಕೆ?" ಎಂದು ಗದರಿ 'ಇದೊಂದೇ ಸಾಕು' ಒತ್ತಿದರು. ಹೆಸರುಗಳು ಸರಸರನೆ ಸಾಲುಗಟ್ಟಿದವು. ಕೋಣೆಗಳೂ ಸೂಚನೆಗಳೂ ಇದ್ದಲ್ಲೇ ಕೂತವು. ಅವರು ಮೀಸೆ ತಿರುವಿ, ಹಾಳೆಯನ್ನು ನೆಂಟರು ಇಳಿದುಕೊಳ್ಳಲಿದ್ದ ಅತಿಥಿಗೃಹದ ಮ್ಯಾನೇಜರಿಗೆ ಕಳಿಸಿಯೇಬಿಟ್ಟರು.

ಮದುವೆಯ ಹಿಂದಿನ ದಿನ ಅತಿಥಿಗೃಹಕ್ಕೆ ಕಾಲಿಟ್ಟರೋ ಇಲ್ಲವೋ, ಮ್ಯಾನೇಜರು ಕೂಗಿದ: "ಬನ್ನಿ ಸಾರ್! ಬನ್ನಿ ಸಾರ್!"

"ಯಾಕ್ರೀ ಹಾಗೆ ಕಿರಚ್ತೀರಾ?"

ಮ್ಯಾನೇಜರು ಕನಿಕರದಿಂದ ನಕ್ಕು, ಇನ್ನೂ ಜೋರಾಗಿ, "ಸರಿ ಸಾರ್! ಸರಿ ಸಾರ್!" ಎಂದ.

ಅವನಿಗೆ ತಕ್ಕ ಶಾಸ್ತಿ ಮಾಡುವಷ್ಟರಲ್ಲಿ, ಪೊಲೀಸ್ ಇಲಾಖೆಯಲ್ಲಿದ್ದ ಚಿಕ್ಕಪ್ಪ ತಮ್ಮ ಕೋಣೆಯೊಳಗಿನ ತೊಟ್ಟಿಲು ತೋರಿಸಿ ಗುಡುಗಿದರು. "ಏನಯ್ಯಾ ಇದು? ನನ್ನ ತೂಗೋರು ಯಾರು, ನೀನೇನಾ?" ಮಂಡಿ ನೋವಿನ ಸೋದರತ್ತೆಗೆ ಕೊನೆಯ ಮಹಡಿ ಸಿಕ್ಕಿತ್ತು, ಅವರು ಅರ್ಧ ಮೆಟ್ಟಿಲಲ್ಲೇ ಕೂತು ಶಾಪ ಹಾಕುತ್ತಿದ್ದರು. ತೊಟ್ಟಿಲ ಕೂಸಿಗೆ 'ಗೊರಕೆ ವಿಪರೀತ, ಪಕ್ಕದಲ್ಲಿ ಯಾರೂ ಬೇಡ' ಎಂದು ಮೂಲೆಯ ಒಂಟಿ ಕೋಣೆ!

"ಇದು ಕಂಪ್ಯೂಟರಿನ ಪಿತೂರಿ!" ಎಂದು ಸೂಪರಿಂಟೆಂಡೆಂಟರು ಕೂಗಾಡುತ್ತಿರುವಾಗ ಹೆಂಡತಿ ಓಡಿಬಂದರು.

"ರೀ, ಅಕ್ಕ, ತಂಗಿ ಇಬ್ರೂ ಒಂದೇ ಕೋಣೇಲಿದ್ದಾರೆ! ಬಾಗಿಲು ಬೇರೆ ಹಾಕಿದೆ!"

ಸೂಪರಿಂಟೆಂಡೆಂಟರು ಪಿತೂರಿಯನ್ನು ಅಲ್ಲಿಗೇ ಬಿಟ್ಟರು. ಗಂಡಹೆಂಡಿರು ಹೋಗಿ ಬಾಗಿಲಿಗೆ ಕಿವಿಗೊಟ್ಟರು.

"ಈ ಮನುಷ್ಯನ ಕೈಗೆ ಈ ಕೆಲ್ಸ ಕೊಟ್ಟೋರು ಯಾರೇ?" ಅಕ್ಕನ ದನಿ.

"ಅಯ್ಯೋ ಅಕ್ಕಾ, ನಾನೂ ಅದನ್ನೇ ಕೇಳೋಣ ಅಂತಿದ್ದೆ! ಭಾವನ ದರ್ಬಾರು ಗೊತ್ತಲ್ಲ!" ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಹೊರಗೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಅಷ್ಟು ಸಂತೋಷವಾಗಿತ್ತು.

"ನೋಡಿದ್ಯಾ? ಎಲ್ಲಾ ನನ್ನ ಪ್ಲಾನು!" ಸೂಪರಿಂಟೆಂಡೆಂಟರ ಎದೆ ಮತ್ತೆ ಉಬ್ಬಿತು. "ಆ ಮ್ಯಾನೇಜರಿಗೆ ಮಾತ್ರ ಮರ್ಯಾದೆ ಗೊತ್ತಿಲ್ಲ. ಬಂದಾಗಿಂದ ನನ್ನ ಮೇಲೆ ಕಿರಚ್ತಿದ್ದಾನೆ. ಇವತ್ತು ಅವನನ್ನ ವಿಚಾರಿಸ್ಕೊಳ್ತೀನಿ!"

ಮ್ಯಾನೇಜರು ಬೈಗುಳವನ್ನೆಲ್ಲ ಕೇಳಿಸಿಕೊಂಡು, ಹಾಳೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಕಿವಿ ಮಂದವಾಗಿದ್ದ ಅಜ್ಜನಿಗೆಂದು ಬರೆದಿದ್ದ ಸೂಚನೆ ಸೂಪರಿಂಟೆಂಡೆಂಟರ ಹೆಸರಿನ ಮುಂದೆ ಕೂತಿತ್ತು: 'ಇವರಿಗೆ ಯಾರು ಹೇಳಿದ್ದೂ ಕಿವಿಗೆ ಬೀಳುವುದಿಲ್ಲ. ಎರಡೆರಡು ಸಲ ಕೂಗಿ ಹೇಳಿ.'

"ಪೆನ್ನು ಕೊಡ್ರೀ! ಈಗ್ಲೇ ಎಲ್ಲಾ ತಿದ್ದಿಬಿಡ್ತೀನಿ!"

ಹೆಂಡತಿ ಪೆನ್ನು ಕಿತ್ತುಕೊಂಡರು. "ಮಿಕ್ಕಿದ್ದೆಲ್ಲಾ ನಾನೂ ಮಗಳೂ ತಿದ್ತೀವಿ. ಈ ಸಾಲು ಮಾತ್ರ ಹಾಗೇ ಇರ್ಲಿ. ಇದೊಂದು ಸರಿಯಾಗಿದೆ."

"ಸರಿಯಾಗಿದೆ ಸಾರ್!" ಎಂದು ಮ್ಯಾನೇಜರು ಇಡೀ ಅತಿಥಿಗೃಹಕ್ಕೆ ಕೇಳುವಂತೆ ಕೂಗಿದ. "ಸರಿಯಾಗಿದೆ ಸಾರ್!"